ಕಲ್ಲು ಎತ್ತೋಕೆ ಮುಂಚೆ

(ಯಾದಗಿರಿ ಕಡೆಯ ಒಂದು ಕಾಲೇಜಿನಲ್ಲಿ ಈಚೆಗೆ ಆಡಿದ ಮಾತು ಇದು. ಕೇಳಿದವರು ಬರೆದು ಕೊಡಿ ಅಂದಿದ್ದಕ್ಕೆ ಬರೆದಿದ್ದೇನೆ. ಅಲ್ಲಿ ಅವಸರದಲ್ಲಿ ಬಿಟ್ಟಿದ್ದ ಒಂದೆರಡು ವಿಷಯ ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನೀವೆಲ್ಲ ಬರುವ ಮುಂಚೆ ಈ ಮೇಜಿನ ಮೇಲೆ ಎರಡು ವಸ್ತು ಇಟ್ಟಿದ್ದೆ. ಒಂದು ಕೈಗೊಡಲಿ, ಅಂದರೆ ಹಿಡಿಕೆ ಇಲ್ಲದೆ ಕೈಯಲ್ಲೇ ಹಿಡಿದು ಬಳಸುವ ಕಲ್ಲಿನ ಕೊಡಲಿ. ಹಳೇದೇನಲ್ಲ, ನಾನೇ ಕೆತ್ತಿದ್ದು. ಇನ್ನೊಂದು, ಅದನ್ನು ಕೆತ್ತುವಾಗ ಉದುರಿದ ಚೂರುಗಳನ್ನು ತುಂಬಿಸಿದ ಪ್ಲಾಸ್ಟಿಕ್ ಚೀಲ. ನೀವು ಒಳಗೆ ಬರುತ್ತಿದ್ದಾಗ ಮೂಲೆಯಲ್ಲಿ ನಿಂತು ನೋಡುತ್ತಿದ್ದೆ. ಕೊಡಲಿಯನ್ನು ಸುಮಾರು ಜನ ಎತ್ತಿದಿರಿ, ಕೈಯಲ್ಲಿ ಹಿಡಿದು ಫೋಟೋ ತೆಗೆಸಿಕೊಂಡಿರಿ. ಚೀಲವನ್ನು ಒಬ್ಬರೂ ಮುಟ್ಟಲಿಲ್ಲ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಜಾಸ್ತಿ ಆ ಚೀಲದ ಬಗ್ಗೆಯೇ.

ಒಂದು ಕೈಗೊಡಲಿ ಮಾಡಲು ನೂರಾರು ಚೂರು ಉದುರುತ್ತವೆ. ದೊಡ್ಡವು ಅಂಗೈಯಗಲ ಇರುತ್ತವೆ, ಸಣ್ಣವು ಅಕ್ಕಿ ಕಾಳಿನಷ್ಟು. ಇವನ್ನು ನಾವು ಚಕ್ಕೆ ಅಂತೀವಿ. ಮರ ಕೆತ್ತಿದಾಗ ಬೀಳುವುದಕ್ಕೂ ಅದೇ ಹೆಸರು ತಾನೆ, ಹಾಗೇ ಇದು. ಕೊಡಲಿಯನ್ನು ಮಾಡಿದವನು ಎತ್ತಿಕೊಂಡು ಹೋಗುತ್ತಾನೆ. ಬಳಸುತ್ತಾನೆ, ಎಲ್ಲೋ ಬಿಸಾಕುತ್ತಾನೆ, ಅದು ಹೊಳೆಯಲ್ಲಿ ಉರುಳಿಕೊಂಡು ಇನ್ನೆಲ್ಲಿಗೋ ಹೋಗುತ್ತದೆ. ಚಕ್ಕೆಗಳನ್ನು ಯಾರೂ ಒಯ್ಯುವುದಿಲ್ಲ. ಅವು ಬಿದ್ದಲ್ಲೇ ಬಿದ್ದಿರುತ್ತವೆ. ಹಾಗಾಗಿ ಆ ಮನುಷ್ಯ ಎಲ್ಲಿ ಕೂತಿದ್ದ, ಯಾವ ಕಡೆ ಮುಖ ಮಾಡಿದ್ದ, ಏನು ಮಾಡಲು ಹೊರಟಿದ್ದ ಅಂತ ಹೇಳುವುದು ಅವೇ.

ಇಂಗ್ಲೆಂಡಿನ ದಕ್ಷಿಣ ಕರಾವಳಿ ಹತ್ತಿರ ಬಾಕ್ಸ್‌ಗ್ರೋವ್ ಅಂತ ಒಂದು ಜಾಗ ಇದೆ. ಸುಮಾರು 5 ಲಕ್ಷ ವರ್ಷದ ಹಿಂದಿನದು. ಅಲ್ಲಿ ಒಬ್ಬ ಕೂತು ಕಲ್ಲು ಕೆತ್ತಿದ್ದಾನೆ. ಚಕ್ಕೆಗಳು ಅವನ ಸುತ್ತ ಹರಡಿ ಬಿದ್ದಿವೆ. ಆದರೆ ಅವನು ಮಂಡಿ ಊರಿದ್ದ ಜಾಗದಲ್ಲಿ ಮಾತ್ರ ಏನೂ ಇಲ್ಲ, ಖಾಲಿ. ಮನುಷ್ಯ ಹೋಗಿ 5 ಲಕ್ಷ ವರ್ಷ ಆಗಿದೆ, ಮಂಡಿಯ ಜಾಗ ಉಳಿದಿದೆ! ಅದರ ನಕ್ಷೆ ಮೊದಲ ಸಲ ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು. ಯಾರೋ ಒಬ್ಬರು ಬಂದು ಆ ಚಕ್ಕೆಗಳನ್ನೆಲ್ಲ ಬುಟ್ಟಿಗೆ ತುಂಬಿಕೊಂಡು ಹೋಗಿದ್ದರೆ? ಚಕ್ಕೆಗಳೇನೋ ಸಿಗುತ್ತಿದ್ದವು. ಮಂಡಿ ಸಿಗುತ್ತಿರಲಿಲ್ಲ.

ಇನ್ನು, ಕಲ್ಲು ತಾನಾಗಿ ಒಡೆದದ್ದಾ ಇಲ್ಲಾ ಮನುಷ್ಯ ಒಡೆದದ್ದಾ ಅಂತ ಹೇಗೆ ಗೊತ್ತಾಗುತ್ತೆ? ಎಲ್ಲರೂ ಕೇಳುವ ಮೊದಲ ಪ್ರಶ್ನೆ ಇದೇ. ಗಟ್ಟಿಯಾದ ನುಣುಪು ಕಲ್ಲಿನ ಅಂಚಿಗೆ ಇನ್ನೊಂದು ಕಲ್ಲಿನಿಂದ ಓರೆಯಾಗಿ ಹೊಡೆದರೆ, ಆ ಹೊಡೆತದ ಬಲ ಒಳಗೆ ಹರಡಿಕೊಂಡು ಹೋಗಿ ಒಂದು ಚಕ್ಕೆ ಎದ್ದು ಬರುತ್ತದೆ. ಅದರ ಒಳಮೈ ನೋಡಿ. ಹೊಡೆತ ಬಿದ್ದ ಕಡೆ ಸಣ್ಣ ಉಬ್ಬು ಇರುತ್ತದೆ. ಅಲ್ಲಿಂದ ಮುಂದಕ್ಕೆ ಕೆರೆಗೆ ಕಲ್ಲು ಹಾಕಿದಾಗ ಏಳುವ ಅಲೆಗಳ ಥರ ಬಳೆ ಬಳೆಯಾಗಿ ಗೆರೆ. ಬಿಸಿಲು, ಬೆಂಕಿ, ಚಳಿಗೆ ಬಿರಿದ ಕಲ್ಲಿನಲ್ಲಿ ಇದು ಸಾಮಾನ್ಯವಾಗಿ ಕಾಣುವುದಿಲ್ಲ. ಆದರೆ ಇಷ್ಟೇ ಸಾಲದು. ಹೊಳೆಯಲ್ಲಿ ಕಲ್ಲಿಗೆ ಕಲ್ಲು ತಾಗಿ ಇಂಥ ಒಂದೆರಡು ಚಕ್ಕೆ ಏಳಬಹುದು, ಟ್ರ್ಯಾಕ್ಟರ್ ನೇಗಿಲು ತಾಗಿದರೂ ಏಳಬಹುದು. ಆದ್ದರಿಂದ ಚಕ್ಕೆ ಎದ್ದು ಹೋದ ಕಡೆ ಕಲ್ಲಿನಲ್ಲಿ ಉಳಿದ ಒಂದು ಗಾಯ ನೋಡಿ ತೀರ್ಮಾನ ಮಾಡಬಾರದು. ಒಂದರ ಪಕ್ಕ ಒಂದು, ಒಂದೇ ಕಡೆಯಿಂದ, ಒಂದು ಉದ್ದೇಶ ಇಟ್ಟುಕೊಂಡು ಹೊಡೆದ ಸಾಲು ಗಾಯಗಳು ಕಂಡರೆ ಆಗ ಮನುಷ್ಯನ ಕೈ ಅನ್ನಬಹುದು. ಅಂಥ ಸಾಲು ಯಾವ ಹೊಳೆಗೂ ಬರುವುದಿಲ್ಲ.

ಈಗ ನಿಮ್ಮ ಊರಿಗೆ ಬರ್ತೀನಿ. ಹುಣಸಗಿ, ಬೈಚಬಾಳ ಕಡೆಯವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ. ಹತ್ತು ಹನ್ನೆರಡು ಜನ ಇದ್ದೀರಿ. ನೀವು ದಿನಾ ಓಡಾಡುವ ಆ ಕಣಿವೆ ಪ್ರಾಗಿತಿಹಾಸ ಓದುವವರಿಗೆ ಪ್ರಪಂಚದಲ್ಲೇ ಮುಖ್ಯವಾದ ಜಾಗಗಳಲ್ಲಿ ಒಂದು. ಪುಣೆಯ ಡೆಕ್ಕನ್ ಕಾಲೇಜಿನ ಪ್ರೊಫೆಸರ್ ಕೆ. ಪದ್ದಯ್ಯ ಅವರು ಎಷ್ಟೋ ವರ್ಷ ಅಲ್ಲಿ ಹೊಲ ಹೊಲ ನಡೆದು, ಹಳೆ ಶಿಲಾಯುಗದ ನೂರಕ್ಕೂ ಹೆಚ್ಚು ನೆಲೆ ಗುರುತಿಸಿದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಡೆದು ಅಂತ ಸುಮ್ನೆ ಅಂದಿದ್ದಲ್ಲ. ಈ ಕೆಲಸದಲ್ಲಿ ಅಗೆಯುವುದಕ್ಕಿಂತ ನಡೆಯುವುದೇ ಜಾಸ್ತಿ.

ಅದರಲ್ಲಿ ಒಂದು ನೆಲೆ ಇಸಾಂಪುರ. ಮೇಲಿನ ಮಣ್ಣನ್ನು ಬೇರೆ ಕೆಲಸಕ್ಕೆ ಅಂತ ತೆಗೆದಾಗ ಕೆಳಗಿನ ಹಳೆಯ ನೆಲ ಹೊರಗೆ ಕಂಡಿತು. 1990ರ ದಶಕದ ಕೊನೆಯಲ್ಲಿ ಅಲ್ಲಿ ಉತ್ಖನನ ಶುರುವಾಯಿತು. ಅಲ್ಲಿ ನೆಲದಲ್ಲೇ ಸುಣ್ಣದ ಕಲ್ಲಿನ ಹಾಸು ಇದೆ. ನಿಮ್ಮ ಮನೆಗಳಿಗೆ ಹಾಸುವ ಪರಸಿ ಕಲ್ಲು ಹೇಗೆ ಹಲಗೆ ಹಲಗೆಯಾಗಿ ಏಳುತ್ತೋ ಆ ಥರ. ಅದು ಬರೀ ಮೆತ್ತನೆ ಸುಣ್ಣದ ಕಲ್ಲಲ್ಲ, ಸಿಲಿಕಾ ಸೇರಿ ಗಟ್ಟಿಯಾದದ್ದು, ಹೊಡೆದರೆ ಹರಿತವಾದ ಅಂಚು ಬರುತ್ತದೆ. ಆ ಕಾಲದ ಜನ ಈ ಹಲಗೆಗಳನ್ನು ಎಬ್ಬಿಸಿದ್ದಾರೆ, ದೊಡ್ಡ ಕಲ್ಲಿನಿಂದ ಹೊಡೆದು ಅಗಲವಾದ ಚಕ್ಕೆ ತೆಗೆದಿದ್ದಾರೆ, ಆ ಚಕ್ಕೆಯನ್ನು ತಿದ್ದಿ ಕೈಗೊಡಲಿ ಮಾಡಿದ್ದಾರೆ, ಅಗಲ ಬಾಯಿಯ ಮಚ್ಚಿನಂಥದ್ದನ್ನು ಮಾಡಿದ್ದಾರೆ. ಕೆಲವು ಸಲ ತೆಳ್ಳಗಿನ ಹಲಗೆಯನ್ನೇ ಆರಿಸಿಕೊಂಡು ಸುತ್ತ ಅಂಚು ಮಾತ್ರ ಕೆತ್ತಿ ಕೆಲಸ ಮುಗಿಸಿದ್ದಾರೆ. ಹೊಡೆಯುವುದಕ್ಕೆ ಬೇರೆ ಜಾತಿಯ ಗಟ್ಟಿ ಉಂಡೆಕಲ್ಲುಗಳು. ಚಕ್ಕೆ ತೆಗೆದು ಉಳಿದ ಗಟ್ಟಿ, ಅರ್ಧಕ್ಕೆ ಕೈಬಿಟ್ಟ ಕೊಡಲಿ, ಚೂರು, ಪುಡಿ, ಎಲ್ಲ ಗುಂಪು ಗುಂಪಾಗಿ ಅಲ್ಲಲ್ಲೇ ಸಿಕ್ಕಿವೆ.

ಅಂದರೆ ಅದೊಂದು ಕಾರ್ಖಾನೆ. ಕಲ್ಲು ತೆಗೆಯುವ ಜಾಗ, ಕೆತ್ತುವ ಜಾಗ, ಎರಡೂ ಅದೇ. ಕಾಲ ಸುಮಾರು 12 ಲಕ್ಷ ವರ್ಷದ ಹಿಂದೆ.

ಈ ಅಂಕಿ ಕೇಳಿ ಒಂದು ನಿಮಿಷ ಯೋಚನೆ ಮಾಡಿ. ನಮ್ಮ ಜಾತಿಯ ಮನುಷ್ಯ, ಅಂದರೆ ಹೋಮೋ ಸೇಪಿಯನ್ಸ್, ಆಫ್ರಿಕಾದಲ್ಲಿ ಕಾಣಿಸಿಕೊಂಡಿದ್ದೇ ಸುಮಾರು 3 ಲಕ್ಷ ವರ್ಷದ ಹಿಂದೆ. ಇಸಾಂಪುರದಲ್ಲಿ ಕಲ್ಲು ಕೆತ್ತಿದವರು ನಾವಲ್ಲ. ನಮಗಿಂತ ಹಿಂದಿನ ಇನ್ಯಾರೋ. ಆದರೆ ಯಾವ ಕಲ್ಲು ಒಳ್ಳೆಯದು ಅಂತ ಅವರಿಗೆ ಗೊತ್ತಿತ್ತು, ಅದರ ಯಾವ ಮೂಲೆಗೆ ಹೊಡೆದರೆ ಎಂಥ ಚಕ್ಕೆ ಬರುತ್ತೆ ಅಂತ ಗೊತ್ತಿತ್ತು, ಹೊಡೆಯುವ ಮುಂಚೆಯೇ ಕೊಡಲಿಯ ಆಕಾರ ಅವರ ತಲೆಯಲ್ಲಿತ್ತು. ನಾನು ಕೈಗೊಡಲಿ ಕೆತ್ತಲು ಕಲಿತದ್ದು ಕಾಲೇಜು ಓದಿದ ಮೇಲೆ, ಹೇಳಿಕೊಡುವವರು ಪಕ್ಕದಲ್ಲೇ ಕೂತಿದ್ದಾಗ. ಅದಕ್ಕೇ ಅವರ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಬೇಜಾರಾಗುತ್ತದೆ.

12 ಲಕ್ಷ ಅನ್ನುವುದು ಹೇಗೆ ತಿಳಿಯಿತು? ಕಲ್ಲಿನಿಂದಲ್ಲ, ಹಲ್ಲಿನಿಂದ. ಸುಣ್ಣದ ಅಂಶ ಇರುವ ಮಣ್ಣಾದ್ದರಿಂದ ಅಲ್ಲಿ ಕಾಡುದನದ ಜಾತಿಯ ಪ್ರಾಣಿಯ ಹಲ್ಲು ಉಳಿದಿದ್ದವು. ಮಣ್ಣಿನಲ್ಲಿ ಸಹಜವಾಗಿ ಒಂದಿಷ್ಟು ವಿಕಿರಣ ಇರುತ್ತದೆ. ಅದು ಹಲ್ಲಿನ ಎನಾಮಲ್‌ಗೆ ತಾಗುತ್ತಾ ತಾಗುತ್ತಾ ಅಲ್ಲಿ ಎಲೆಕ್ಟ್ರಾನ್‌ಗಳು ಸಿಕ್ಕಿಹಾಕಿಕೊಳ್ಳುತ್ತವೆ. ವರ್ಷ ಕಳೆದಷ್ಟೂ ಜಾಸ್ತಿ. ಎಷ್ಟು ಸಿಕ್ಕಿಕೊಂಡಿವೆ ಅಂತ ಲ್ಯಾಬಿನಲ್ಲಿ ಅಳೆಯಬಹುದು. ಆದರೆ ವರ್ಷಕ್ಕೆ ಎಷ್ಟು ವಿಕಿರಣ ತಾಗುತ್ತಿತ್ತು ಅಂತಲೂ ಗೊತ್ತಿರಬೇಕಲ್ವಾ? ಅದಕ್ಕೆ ಹಲ್ಲಿನ ಸುತ್ತ ಇದ್ದ ಮಣ್ಣು ಬೇಕು. ಹಲ್ಲನ್ನು ಮಾತ್ರ ಕಿತ್ತು ಜೇಬಿಗೆ ಹಾಕಿಕೊಂಡು ಬಂದಿದ್ದರೆ ಆ ಲೆಕ್ಕದ ಅರ್ಧ ಹೊಲದಲ್ಲೇ ಉಳಿದುಬಿಡುತ್ತಿತ್ತು. ಎಲ್ಲಿ ಸಿಕ್ಕಿತು, ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಅಂತ ನಾವು ಪದೇ ಪದೇ ಕೇಳುವುದು ಇದಕ್ಕೇ.

ಪದರ ಅಂದೆ. ಅದರ ಪಾಠ ಕಲಿಯಲು ದೂರ ಹೋಗಬೇಕಾಗಿಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಇಂಗ್ಲೆಂಡಿನ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆದರು. ಅವರಿಗಿಂತ ಮುಂಚೆ ಮೈಸೂರಿನ ಎಂ. ಎಚ್. ಕೃಷ್ಣ ಅವರು ಅಲ್ಲಿ ಅಗೆದಿದ್ದರು. ವೀಲರ್ ಪದರ ಪದರವಾಗಿ ಬಿಡಿಸಿ ತೋರಿಸಿದ್ದು ಏನೆಂದರೆ, ಎಲ್ಲಕ್ಕಿಂತ ಕೆಳಗೆ ನಯ ಮಾಡಿದ ಕಲ್ಲುಕೊಡಲಿಯ ಜನ, ಅದರ ಮೇಲೆ ಕಬ್ಬಿಣ ಬಳಸುತ್ತಿದ್ದ ಬೃಹತ್ ಶಿಲಾ ಸಮಾಧಿಯ ಜನ, ಅದರ ಮೇಲೆ ಇತಿಹಾಸ ಕಾಲದ ಮಡಕೆ. ಮೇಲಿನ ಮಡಕೆಯ ಕಾಲ ಪುದುಚೇರಿ ಹತ್ತಿರದ ಅರಿಕಮೇಡುವಿನಿಂದ ಗೊತ್ತಿತ್ತು. ಅದನ್ನು ಹಿಡಿದುಕೊಂಡು ಕೆಳಗಿನದರ ಕಾಲ ಅಂದಾಜು ಮಾಡಿದರು. ಆ ಅಂದಾಜು ಆಮೇಲೆ ತಪ್ಪಾಯಿತು. ಇದ್ದಿಲು, ಮೂಳೆಯಂಥವುಗಳ ವಯಸ್ಸು ಅಳೆಯುವ ರೇಡಿಯೋಕಾರ್ಬನ್ ಪರೀಕ್ಷೆ ಬಂದ ಮೇಲೆ ಕಲ್ಲುಕೊಡಲಿಯ ಜನರ ಕಾಲ ಸಾವಿರಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಹೋಯಿತು. ಆದರೆ ಯಾವುದರ ಮೇಲೆ ಯಾವುದು ಅನ್ನುವ ಕ್ರಮ ಇವತ್ತಿಗೂ ಸರಿಯಾಗಿಯೇ ಇದೆ. ವರ್ಷದ ಲೆಕ್ಕ ತಪ್ಪಿದರೆ ತಿದ್ದಬಹುದು. ಪದರ ಕಲಸಿಹೋದರೆ ತಿದ್ದಲು ಏನೂ ಉಳಿಯುವುದಿಲ್ಲ.

ಅಗೆಯುವುದು ಅಂದರೆ ಗುದ್ದಲಿ, ಪಿಕಾಸಿ ಅಂತ ಜನ ಅಂದುಕೊಳ್ಳುತ್ತಾರೆ. ಮೇಲಿನ ಮಣ್ಣಿಗೆ ಅದೂ ಬೇಕು. ಕೆಲಸದ ನೆಲ ಬಂತು ಅಂದರೆ ಗಾರೆಯವರ ಕರಣೆ, ಬ್ರಷ್ಷು, ಬಿದಿರಿನ ಕಡ್ಡಿ. ದಾರ ಕಟ್ಟಿ ಒಂದೊಂದು ಮೀಟರಿನ ಚೌಕ ಮಾಡಿಕೊಂಡು, ಮಣ್ಣನ್ನು ತೆಳ್ಳಗೆ ಕೆರೆಯುತ್ತಾ ಇಳಿಯಬೇಕು. ಒಂದು ಕಲ್ಲು ಕಂಡರೆ ಎತ್ತುವ ಹಾಗಿಲ್ಲ. ಸುತ್ತ ಬಿಡಿಸಬೇಕು, ಫೋಟೋ ತೆಗೆಯಬೇಕು, ಉದ್ದ ಅಗಲ ಆಳ ಮೂರೂ ಬರೆಯಬೇಕು, ನಕ್ಷೆಯಲ್ಲಿ ಕೂರಿಸಬೇಕು, ಚೀಟಿ ಬರೆದು ಚೀಲಕ್ಕೆ ಹಾಕಬೇಕು, ಆಮೇಲೆ ಮುಂದಿನ ಕಲ್ಲು. ಇಷ್ಟೆಲ್ಲ ಆದ ಮೇಲೂ ಅಗೆದ ಮಣ್ಣನ್ನು ಬಿಸಾಡುವುದಿಲ್ಲ, ಜರಡಿ ಹಿಡಿಯುತ್ತೇವೆ.

ನನ್ನ ಮೊದಲ ಉತ್ಖನನದಲ್ಲಿ ನಾನು ಮಾಡಿದ ತಪ್ಪು ಹೇಳ್ತೀನಿ. ಮೂರನೇ ದಿನವೋ ನಾಲ್ಕನೇ ದಿನವೋ, ಕರಣೆಗೆ ಚೂಪಾದ ಮೂಳೆಯ ಚೂರು ತಾಗಿತು. ಬೆರಳುದ್ದ ಇತ್ತು. ಖುಷಿಯಲ್ಲಿ ಕಿತ್ತುಕೊಂಡು ಓಡಿಹೋಗಿ ನಮ್ಮ ಗುರುಗಳಿಗೆ ತೋರಿಸಿದೆ. ಅವರು ಅದನ್ನು ನೋಡಲೇ ಇಲ್ಲ. ನನ್ನ ಮುಖ ನೋಡಿ, ಎಷ್ಟು ಆಳದಲ್ಲಿತ್ತು ಅಂದರು. ಗೊತ್ತಿರಲಿಲ್ಲ. ತುದಿ ಯಾವ ಕಡೆಗಿತ್ತು ಅಂದರು. ಗೊತ್ತಿರಲಿಲ್ಲ. ವಾಪಸ್ ಹೋಗಿ ನೋಡಿದರೆ ನಾನೇ ತುಳಿದು ಆ ಜಾಗ ಗುರುತು ಸಿಗದ ಹಾಗೆ ಆಗಿತ್ತು. ಆ ಮೂಳೆ 'ಜಾಗ ಗೊತ್ತಿಲ್ಲ' ಅನ್ನುವ ಪೆಟ್ಟಿಗೆಗೆ ಹೋಯಿತು. ಅವರು ಬೈಯಲಿಲ್ಲ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಅದೇ ಕೆಲಸದಲ್ಲಿ ಜರಡಿ ಹಿಡಿಯುತ್ತಿದ್ದ ಒಬ್ಬ ಅವ್ವ ಇದ್ದರು. ಜೀವನವೆಲ್ಲ ಜೋಳ ಹಸನು ಮಾಡಿದ ಕೈ. ಒಂದು ದಿನ ಜರಡಿಯಿಂದ ಒಂದು ಸಣ್ಣ ಮೂಳೆ ಎತ್ತಿ, ಹೆಬ್ಬೆರಳಿನಿಂದ ಸವರಿ, "ತಮ್ಮಾ, ಇದು ಮುರದದ್ದಲ್ಲ, ತಿಕ್ಕಿದ್ದೈತಿ ನೋಡು" ಅಂದರು. ಕೈಮಸೂರದಿಂದ ನೋಡಿದರೆ ನಿಜ. ತುದಿಯ ಹತ್ತಿರ ಸಣ್ಣ ಸಣ್ಣ ಗೀರು, ಕಲ್ಲಿಗೆ ಉಜ್ಜಿದ ಗುರುತು. ಚರ್ಮಕ್ಕೆ ತೂತು ಹಾಕುವ ದಬ್ಬಳದ ತುದಿ ಇರಬೇಕು. ನಾಲ್ಕು ಜನ ಓದಿದವರು ದಾಟಿಸಿ ಬಿಟ್ಟಿದ್ದನ್ನು ಅವರ ಬೆರಳು ಹಿಡಿದಿತ್ತು.

ಮೂಳೆ ಉಪಕರಣದ ಕಷ್ಟವೇ ಇದು. ಕಲ್ಲು ಉಳಿಯುತ್ತದೆ, ಮೂಳೆ ಎಲ್ಲ ಕಡೆ ಉಳಿಯುವುದಿಲ್ಲ. ಹುಳಿ ಮಣ್ಣಿನಲ್ಲಿ ಕರಗಿ ಹೋಗುತ್ತದೆ. ಸುಣ್ಣದ ಕಲ್ಲಿನ ಗವಿಗಳಲ್ಲಿ, ಬೂದಿಯಲ್ಲಿ ಉಳಿಯುತ್ತದೆ. ಉಳಿದರೂ ಚೂಪಾದ ಮೂಳೆಯೆಲ್ಲ ಉಪಕರಣವಲ್ಲ. ಕತ್ತೆಕಿರುಬ ಕಡಿದರೆ ಚೂಪಾಗುತ್ತದೆ. ಮುಳ್ಳುಹಂದಿಗೆ ಮೂಳೆಯನ್ನು ಗವಿಗೆ ಎಳೆದುಕೊಂಡು ಹೋಗಿ ಹಲ್ಲಿನಿಂದ ಕೊರೆಯುವ ಅಭ್ಯಾಸ ಇದೆ. ನಮ್ಮ ಪಕ್ಕದ ಕರ್ನೂಲು ಸೀಮೆಯ ಬಿಲ್ಲಸುರ್ಗಂ ಗವಿಗಳಲ್ಲಿ 1880ರ ದಶಕದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮತ್ತು ಅವರ ಮಗ ಅಗೆದು ರಾಶಿ ರಾಶಿ ಮೂಳೆ ತೆಗೆದರು, ಅದರಲ್ಲಿ ಸುಮಾರನ್ನು ಉಪಕರಣ ಅಂದರು. 1863ರಲ್ಲಿ ಮದ್ರಾಸಿನ ಹತ್ತಿರ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕಲ್ಲನ್ನು ಗುರುತಿಸಿದವರು ಇದೇ ಫೂಟ್. ಅವರ ಕಣ್ಣಿನ ಬಗ್ಗೆ ನನಗೆ ತುಂಬಾ ಗೌರವ ಇದೆ. ಆದರೂ ಆ ಮೂಳೆಗಳಲ್ಲಿ ಯಾವುದು ಮನುಷ್ಯನದ್ದು, ಯಾವುದು ಪ್ರಾಣಿಯದ್ದು ಅನ್ನುವ ಚರ್ಚೆ ಆಮೇಲೆ ತುಂಬಾ ನಡೆಯಿತು.

ಹಾಗಾದರೆ ತೀರ್ಮಾನ ಹೇಗೆ? ನಾವೇ ಮಾಡಿ ನೋಡುವುದು. ದಕ್ಷಿಣ ಆಫ್ರಿಕಾದ ಸ್ವಾರ್ಟ್‌ಕ್ರಾನ್ಸ್ ಗವಿಯಲ್ಲಿ ಹತ್ತು ಲಕ್ಷ ವರ್ಷಕ್ಕೂ ಹಳೆಯ, ತುದಿ ಸವೆದ ಉದ್ದ ಮೂಳೆಗಳು ಸಿಕ್ಕವು. ಗೆಡ್ಡೆ ಅಗೆಯಲು ಬಳಸಿದ್ದು ಅಂತ ಮೊದಲು ಅಂದುಕೊಂಡಿದ್ದರು. ಲುಸಿಂಡಾ ಬ್ಯಾಕ್‌ವೆಲ್ ಮತ್ತು ಫ್ರಾಂಚೆಸ್ಕೋ ಡೆರಿಕೋ ಅನ್ನುವವರು ಹೊಸ ಮೂಳೆ ತೆಗೆದುಕೊಂಡು ಗೆಡ್ಡೆಯನ್ನೂ ಅಗೆದರು, ಗೆದ್ದಲಿನ ಹುತ್ತವನ್ನೂ ಅಗೆದರು. ಆಮೇಲೆ ತುದಿಯ ಗೀರುಗಳನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು ಹೋಲಿಸಿದರು. ಹಳೆಯ ಮೂಳೆಗಳ ಗೀರು ಹೋಲಿದ್ದು ಹುತ್ತ ಅಗೆದ ಮೂಳೆಯ ಗೀರನ್ನು! 2001ರಲ್ಲಿ ಅದನ್ನು ಪ್ರಕಟಿಸಿದರು. ಮುಂಗಾರಿನ ಮೊದಲ ಮಳೆಗೆ ಹುತ್ತದಿಂದ ಏಳುವ ಈಸುಳ್ಳಿ ಹಿಡಿದು ಹುರಿದು ತಿನ್ನುವುದನ್ನು ಹಳೇ ಮೈಸೂರು ಕಡೆಯ ಹಳ್ಳಿಗಳಲ್ಲಿ ನೋಡಿದವರಿಗೆ ಇದು ಆಶ್ಚರ್ಯ ಅನಿಸುವುದಿಲ್ಲ. ಗೆದ್ದಲಿನಲ್ಲಿ ಜಿಡ್ಡೂ ಇದೆ, ಪ್ರೋಟೀನೂ ಇದೆ.

ಇನ್ನು ಬಳ್ಳಾರಿ ಪಕ್ಕದ ಸಂಗನಕಲ್ಲು. ಇದು ಇಸಾಂಪುರದಷ್ಟು ಹಳೇದಲ್ಲ, ದನ ಸಾಕುತ್ತಾ ಬೆಳೆ ಬೆಳೆಯುತ್ತಿದ್ದ ನವಶಿಲಾಯುಗದ್ದು. ಅಲ್ಲಿನ ಹಿರೇಗುಡ್ಡದಲ್ಲಿ ಗ್ರಾನೈಟ್ ಬಂಡೆಗಳ ನಡುವೆ ಕರಿಕಲ್ಲಿನ ಒಂದು ಪಟ್ಟಿ ಹಾದು ಹೋಗಿದೆ. ಡಾಲರೈಟ್ ಅಂತಾರೆ. ಸುಮಾರು ಮೂರೂವರೆ ಸಾವಿರ ವರ್ಷದ ಹಿಂದೆ ಜನ ಅದರಿಂದ ಕೊಡಲಿ ಮಾಡುತ್ತಿದ್ದರು. ಒಂದು ಮನೆಗೆ ಬೇಕಾದಷ್ಟಲ್ಲ, ರಾಶಿಗಟ್ಟಲೆ. ಮೊದಲು ಒಡೆಯುವುದು, ಆಮೇಲೆ ಚಕ್ಕೆ ತೆಗೆದು ಆಕಾರ ಕೊಡುವುದು, ಆಮೇಲೆ ಒಳಕಲ್ಲಿಗೆ ಮುಳ್ಳು ಹೊಯ್ದ ಹಾಗೆ ಕುಟ್ಟಿ ಕುಟ್ಟಿ ಉಬ್ಬು ತಗ್ಗು ಸರಿ ಮಾಡುವುದು, ಕೊನೆಗೆ ಬಂಡೆಗೆ ಉಜ್ಜುವುದು. ಉಜ್ಜಿ ಉಜ್ಜಿ ಬಂಡೆಯಲ್ಲಿ ಬಿದ್ದ ತೋಡುಗಳು ಇವತ್ತಿಗೂ ಇವೆ. ಕೈ ಇಟ್ಟರೆ ಗಾಜಿನಷ್ಟು ನುಣುಪು. 1940ರ ದಶಕದಲ್ಲಿ ಬಿ. ಸುಬ್ಬರಾವ್ ಅಲ್ಲಿ ಅಗೆದರು, ಆಮೇಲೆ ಹಲವರು, ಈಚೆಗೆ ರವಿ ಕೋರಿಶೆಟ್ಟರ್ ಮತ್ತು ಅವರ ಜೊತೆಗಾರರು. ಮನೆಗಳ ಜಾಗದಲ್ಲಿ ಮೂಳೆಯ ದಬ್ಬಳ, ಉಳಿ ಕೂಡ ಸಿಕ್ಕಿವೆ.

ಅದೇ ಗುಡ್ಡಗಳಲ್ಲಿ ಜಲ್ಲಿಗೋಸ್ಕರ ಗ್ರಾನೈಟ್ ಒಡೆಯುವ ಕೆಲಸವೂ ನಡೆಯಿತು, ನೆಲೆಯ ಭಾಗಗಳು ಹಾಳಾದವು. ಉಳಿಸಿಕೊಳ್ಳಲು ಸಂಶೋಧಕರು, ಊರಿನವರು ಸುಮಾರು ಹೋರಾಡಬೇಕಾಯಿತು. ಬಳ್ಳಾರಿಯಲ್ಲಿ ಈಗ ಫೂಟ್ ಹೆಸರಿನ ಮ್ಯೂಸಿಯಂ ಇದೆ. ದಯವಿಟ್ಟು ಹೋಗಿ ನೋಡಿ, ಮಕ್ಕಳನ್ನೂ ಕರೆದುಕೊಂಡು ಹೋಗಿ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು.

ರೈತರೊಬ್ಬರು ಹಿಂದಿನ ಸಾಲಿನಿಂದ ಎದ್ದು, "ನಮ್ಮ ಹೊಲದಾಗ ಇಂಥಾ ಕಲ್ಲು ಭಾಳ ಅದಾವ್ರಿ. ಹೇಳಿದ್ರ ಹೊಲಾ ತಗೋತಾರೇನ್ರಿ?" ಅಂದರು. ಈ ಹೆದರಿಕೆ ಎಷ್ಟೋ ಕಡೆ ಕೇಳಿದ್ದೇನೆ, ಇದರಿಂದಲೇ ಎಷ್ಟೋ ಜನ ಬಾಯಿ ಬಿಡುವುದಿಲ್ಲ. ಒಂದು ಕಲ್ಲು ಸಿಕ್ಕಿತು ಅಂತ ಯಾರೂ ಹೊಲ ತೆಗೆದುಕೊಳ್ಳುವುದಿಲ್ಲ. ಒಂದು ಜಾಗವನ್ನು ರಕ್ಷಿತ ಅಂತ ಘೋಷಿಸಬೇಕಾದರೂ ಮೊದಲು ನೋಟಿಸ್ ಕೊಡಬೇಕು, ಆಕ್ಷೇಪಣೆ ಹೇಳಲು ಕಾಲ ಕೊಡಬೇಕು. ನೀವು ಮಾಡಬೇಕಾದ್ದು ಇಷ್ಟೇ. ಕಲ್ಲನ್ನು ಬಿದ್ದಲ್ಲೇ ಬಿಡಿ. ಪಕ್ಕದಲ್ಲಿ ಒಂದು ಪೆನ್ನೋ ನಾಣ್ಯವೋ ಇಟ್ಟು ಫೋಟೋ ತೆಗೆಯಿರಿ, ಗಾತ್ರ ಗೊತ್ತಾಗುತ್ತದೆ. ಮೊಬೈಲಿನಲ್ಲಿ ಲೊಕೇಶನ್ ಉಳಿಸಿಕೊಳ್ಳಿ. ಪುರಾತತ್ವ ಇಲಾಖೆಗೋ ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟ್ರಿಗೋ ತಿಳಿಸಿ. ಬಾವಿ ತೋಡುವಾಗ, ಕೆರೆ ಹೂಳೆತ್ತುವಾಗ ಆಳದಲ್ಲಿ ಏನಾದರೂ ಕಂಡರೆ ಎಷ್ಟು ಅಡಿಯಲ್ಲಿ ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಒಬ್ಬ ಹುಡುಗಿ, ಇಸಾಂಪುರದಲ್ಲಿ ಮನುಷ್ಯರ ಮೂಳೆ ಸಿಕ್ಕಿದೆಯಾ ಸರ್ ಅಂತ ಕೇಳಿದಳು. ಇಲ್ಲಮ್ಮ. ಭಾರತದಲ್ಲಿ ಅಷ್ಟು ಹಿಂದಿನ ಮನುಷ್ಯರ ಅವಶೇಷ ಸಿಕ್ಕಿರುವುದೇ ತೀರಾ ಕಡಿಮೆ. 1982ರಲ್ಲಿ ನರ್ಮದಾ ದಡದ ಹಥ್ನೋರಾದಲ್ಲಿ ಅರುಣ್ ಸೋನಕಿಯಾ ಅವರಿಗೆ ಒಂದು ತಲೆಬುರುಡೆಯ ಭಾಗ ಸಿಕ್ಕಿತು, ಅದೇ ದೊಡ್ಡದು. ಹುಣಸಗಿ ಕಣಿವೆಯವರ ಮುಖ ನಾವು ಇನ್ನೂ ನೋಡಿಲ್ಲ. ಅವರ ಕೈಕೆಲಸ ಮಾತ್ರ ನೋಡಿದ್ದೇವೆ.

ಕೊನೆಯ ಪ್ರಶ್ನೆ ಒಬ್ಬ ಚಿಕ್ಕ ಹುಡುಗನದು. ಅಮ್ಮನ ಜೊತೆ ಬಂದಿದ್ದ. ಅವರಲ್ಲಿ ಎಡಚರು ಇದ್ದರಾ ಅಂದ. ಅವನೇ ಎಡಗೈಯವನಂತೆ. ಚಕ್ಕೆ ನೋಡಿ ಅದನ್ನು ಹೇಳುವ ಪ್ರಯತ್ನ ಆಗಿದೆ, ಆದರೆ ಒಮ್ಮತ ಇಲ್ಲ. ಹಲ್ಲು ನೋಡಿ ಹೇಳುವುದು ಇನ್ನೂ ಗಟ್ಟಿ. ಯುರೋಪಿನಲ್ಲಿದ್ದ, ಈಗ ಇಲ್ಲವಾದ ನಿಯಾಂಡರ್ತಾಲ್ ಅನ್ನುವ ಹಳೆಯ ಮನುಷ್ಯರು ಮಾಂಸದ ತುಂಡನ್ನೋ ಚರ್ಮವನ್ನೋ ಮುಂದಿನ ಹಲ್ಲಿನಲ್ಲಿ ಕಚ್ಚಿ, ಒಂದು ಕೈಯಲ್ಲಿ ಎಳೆದು ಹಿಡಿದು, ಇನ್ನೊಂದು ಕೈಯಲ್ಲಿ ಕಲ್ಲಿನ ಚಕ್ಕೆಯಿಂದ ಕೊಯ್ಯುತ್ತಿದ್ದರು. ಒಂದೊಂದು ಸಲ ಚಕ್ಕೆ ಜಾರಿ ಹಲ್ಲಿಗೆ ತಾಗಿ ಗೀರು ಬೀಳುತ್ತಿತ್ತು. ಬಲಗೈಯಲ್ಲಿ ಕೊಯ್ದರೆ ಗೀರು ಒಂದು ಕಡೆಗೆ ವಾಲುತ್ತದೆ, ಎಡಗೈಯಲ್ಲಿ ಕೊಯ್ದರೆ ಇನ್ನೊಂದು ಕಡೆಗೆ. ಹೆಚ್ಚಿನವರದು ಬಲಗೈ. ಆದರೆ ಅಲ್ಲೊಂದು ಇಲ್ಲೊಂದು ಹಲ್ಲಿನಲ್ಲಿ ಗೀರು ಎಡಗೈಯವರ ಹಾಗೆ ಇನ್ನೊಂದು ಕಡೆಗೆ ವಾಲಿದೆ. ಹೌದು ಪುಟ್ಟಾ, ಇದ್ದರು ಅಂದೆ. ಅವನು ಬಂದು ಚೀಲದಿಂದ ಒಂದು ಚಕ್ಕೆ ತೆಗೆದು, ಎಡಗೈಯಲ್ಲಿ ಹಿಡಿದು, ಹಲ್ಲಿನ ಮುಂದೆ ಗಾಳಿಯಲ್ಲಿ ಕೊಯ್ದು ನೋಡಿದ.